ಬೋರ್ ನೀರಿನಲ್ಲಿ ಕ್ರೋಮಿಯಂ ಹುಡುಕಾಟ: ದಾವಣಗೆರೆ, ಈವರೆಗಿನ ಕೆಲಸ

ಈ ಹಂತದಲ್ಲಿ ನೋಡುತ್ತಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ ಒಂದನ್ನೇ. ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನ ತೊಳೆದ ನೀರು ಚರಂಡಿ ಸೇರುವ ಕಡೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಕ್ರೋಮಿಯಂ (ಎಲ್ಲ ರೂಪಗಳೂ ಸೇರಿ) ಲೀಟರಿಗೆ 0.05 ಮಿ.ಗ್ರಾಂ ದಾಟುವಂತಿಲ್ಲ, ಸಡಿಲಿಕೆಯೂ ಇಲ್ಲ. ಟಿಡಿಎಸ್ ಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ: 800 ತೋರಿಸುವ ನೀರಿನಲ್ಲಿ ಮಿತಿಯ ಹತ್ತು ಪಟ್ಟು ಕ್ರೋಮಿಯಂ ಇದ್ದರೂ ಆ ಅಂಕಿಯಿಂದ ಗೊತ್ತಾಗದು. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ಹಾಗಾಗಿ ಬಣ್ಣದ ಪರೀಕ್ಷೆ: ಹೆಕ್ಸಾವೇಲೆಂಟ್ ಇದ್ದರೆ ಗುಲಾಬಿ ಬಣ್ಣ ಬರಿಸುವುದು ಡೈಫಿನೈಲ್‌ಕಾರ್ಬಜೈಡ್ ಎಂಬ ರಾಸಾಯನಿಕ. 250 ಮಿ.ಗ್ರಾಂ ಪುಡಿಯನ್ನು 50 ಮಿ.ಲೀ. ಅಸಿಟೋನಿನಲ್ಲಿ ಕರಗಿಸಿ ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಬೇಕು. ಬಣ್ಣ ತಿರುಗಿದರೆ ಚೆಲ್ಲಿ ಹೊಸದು ಮಾಡಬೇಕು. ಹೋಲಿಕೆಗೆ: 141.4 ಮಿ.ಗ್ರಾಂ ಒಣ ಪೊಟ್ಯಾಸಿಯಂ ಡೈಕ್ರೋಮೇಟ್ ಒಂದು ಲೀಟರಿಗೆ. ಇದು ಲೀಟರಿಗೆ 50 ಮಿ.ಗ್ರಾಂ ಕ್ರೋಮಿಯಂ. ಹತ್ತು ಪಟ್ಟು ತೆಳು ಮಾಡಿ, ಅದರ 1 ಮಿ.ಲೀ.ಯನ್ನು 100 ಮಿ.ಲೀ.ಗೆ ತಂದರೆ ಸರಿಯಾಗಿ 0.05. ಡೈಕ್ರೋಮೇಟ್ ವಿಷ, ಕೈಗವಸು ಬೇಕೇ ಬೇಕು.

ಮಾದರಿ 100 ಮಿ.ಲೀ., ಆಸಿಡ್ ಹಾಕಿ ಪಿಎಚ್ 2ರ ಆಸುಪಾಸು, ಡೈಫಿನೈಲ್‌ಕಾರ್ಬಜೈಡ್ ದ್ರಾವಣ 2 ಮಿ.ಲೀ., ಹತ್ತು ನಿಮಿಷ ಕಾಯುವುದು. ನಮ್ಮ ಕಡೆ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಪುಸ್ತಕದಲ್ಲಿ ಹೇಳಿದಷ್ಟು ಹನಿ ಆಸಿಡ್ ಸಾಲದೆ ಗುಳ್ಳೆ ಎದ್ದು ಪಿಎಚ್ ಮತ್ತೆ ಏರುತ್ತದೆ. ಪಿಎಚ್ ಪೇಪರ್ ನೋಡದೆ ಮುಂದೆ ಹೋಗಬಾರದು. 0.05ರ ಮಟ್ಟದಲ್ಲಿ 1 ಸೆಂ.ಮೀ. ಕುವೆಟ್ಟಿನಲ್ಲಿ (ಅಳತೆಯ ಪುಟ್ಟ ಪಾತ್ರೆ) 540 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ಓದು ಬರೀ 0.04ರಷ್ಟು, ಬಣ್ಣ ಅಳೆಯುವ ಅಗ್ಗದ ಕಲರಿಮೀಟರಿನ ಗದ್ದಲದಲ್ಲೇ ಕಳೆದುಹೋಗುತ್ತದೆ. 50 ಮಿ.ಲೀ. ನೆಸ್ಲರ್ ಟ್ಯೂಬನ್ನು (ಬಣ್ಣ ಹೋಲಿಸುವ ಉದ್ದ ಗಾಜಿನ ಕೊಳವೆ) ಬಿಳಿ ಹಾಳೆಯ ಮೇಲಿಟ್ಟು ಮೇಲಿಂದ ನೋಡಿದರೆ ಆ ಗುಲಾಬಿ ಕಣ್ಣಿಗೇ ಸಿಗುತ್ತದೆ. ಗಾಜಿನ ಸಾಮಾನನ್ನು ಕ್ರೋಮಿಕ್ ಆಸಿಡ್‌ನಲ್ಲಿ ತೊಳೆಯುವ ಕಾಲೇಜು ಲ್ಯಾಬಿನ ಚಾಳಿ ಇಲ್ಲಿ ಬೇಡ. ಹುಡುಕುತ್ತಿರುವುದನ್ನೇ ಟ್ಯೂಬಿಗೆ ಬಳಿದಂತಾಗುತ್ತದೆ. ತೆಳು ನೈಟ್ರಿಕ್ ಸಾಕು. ದ್ರಾವಣ ತೆಳು ಮಾಡಲು ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು (ಆಸಿಡ್ ಅಲ್ಲ, ಡಿಸ್ಟಿಲ್ಡ್ ನೀರು) ನಡೆಯುತ್ತದೆ, ಅದರದ್ದೂ ಒಂದು ಬ್ಲ್ಯಾಂಕ್, ಅಂದರೆ ಮಾದರಿಯಿಲ್ಲದ ಅದೇ ಪರೀಕ್ಷೆ, ಹಾಕಿ ನೋಡಿದ ಮೇಲೆ.

ಸಿಕ್ಕಿಕೊಂಡಿರುವುದು ಒಂದು ಬೋರಿನಲ್ಲಿ. ತುಂಬಿದಾಗ ತಿಳಿ, ರಾತ್ರಿ ಕಳೆದರೆ ಬಾಟಲಿ ತಳದಲ್ಲಿ ಕೆಂಪು ಗಸಿ. ಬಣ್ಣ ಬರಲಿಲ್ಲ. ಅದೇ ನೀರಿನ 100 ಮಿ.ಲೀ.ಗೆ, ಲೀಟರಿಗೆ 0.05 ಮಿ.ಗ್ರಾಂ ಕ್ರೋಮಿಯಂ ಆಗುವಷ್ಟು ಡೈಕ್ರೋಮೇಟ್ ನಾವೇ ಸೇರಿಸಿದಾಗಲೂ ಟ್ಯೂಬ್ ಬಹುತೇಕ ಬೆಳ್ಳಗೇ ಉಳಿಯಿತು. ಕರಗಿದ ಫೆರಸ್ ಕಬ್ಬಿಣ ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಎಂಬ ಇನ್ನೊಂದು ರೂಪವಾಗಿಸಿಬಿಡುತ್ತದೆ. ಟ್ರೈವೇಲೆಂಟಿಗೆ ಈ ಪರೀಕ್ಷೆಯಲ್ಲಿ ಬಣ್ಣವಿಲ್ಲ. ಹಾಗಾಗಿ ಇಂಥ ನೀರಿನ 'ಇಲ್ಲ' ಎಂಬ ಉತ್ತರವನ್ನು ನಂಬುವಂತಿಲ್ಲ. ಇನ್ನು ಮುಂದೆ ಪ್ರತಿ ಮಾದರಿಗೂ ಹೀಗೆ ಸೇರಿಸಿ ನೋಡಿದ ಟ್ಯೂಬ್ ಕಡ್ಡಾಯ. ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ರೂಪ) ಲೀಟರಿಗೆ 1 ಮಿ.ಗ್ರಾಂ ದಾಟಿದರೆ ಉಲ್ಟಾ ತೊಂದರೆ, ಹಳದಿ ಛಾಯೆ ಬಂದು ಕಣ್ಣು ಮೋಸಹೋಗುತ್ತದೆ.

ಆ ಬೋರಿನ ಒಟ್ಟು ಕ್ರೋಮಿಯಂ ನೋಡಲು ಲ್ಯಾಬಿಗೆ ಕಳಿಸುತ್ತಿದ್ದೇವೆ. ಮೋಟರ್ ಚೆನ್ನಾಗಿ ಓಡಿಸಿ, ಟ್ಯಾಂಕಿಗಿಂತ ಮೊದಲೇ, ಬೋರಿನ ಬಾಯಲ್ಲೇ ಎರಡು ಪ್ಲಾಸ್ಟಿಕ್ ಬಾಟಲಿ ತುಂಬುವುದು. ಲ್ಯಾಬಿನ ಬಾಟಲಿಗೆ ಲೀಟರಿಗೆ 1.5 ಮಿ.ಲೀ. ಗಟ್ಟಿ ನೈಟ್ರಿಕ್ ಆಸಿಡ್, ಪಿಎಚ್ 2ಕ್ಕಿಂತ ಕೆಳಗೆ. ಇನ್ನೊಂದಕ್ಕೆ ಏನೂ ಹಾಕದೆ ಐಸಿನಲ್ಲಿಟ್ಟು 24 ಗಂಟೆಯೊಳಗೆ ಬಣ್ಣದ ಪರೀಕ್ಷೆ. ಯಾವುದಕ್ಕೆ ಆಸಿಡ್ ಬಿದ್ದಿದೆ ಎಂದು ಮಾರ್ಕರ್‌ನಲ್ಲಿ ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಬರೆಯಬೇಕು. ಮುಚ್ಚಳ ಅದಲುಬದಲಾಗುತ್ತದೆ.