ಕುಲಾವಿ ಅಳತೆಯ ತೆಂಗಿನಕಾಯಿ

ನಮ್ಮನೆ ಅಡುಗೆಮನೆಯ ಕಿಟಕಿಯಲ್ಲಿ ಯಾವಾಗಲೂ ಮೂರು ತೆಂಗಿನಕಾಯಿ ಕೂತಿರುತ್ತವೆ. ಸುಲಿದ ಕಾಯಿ, ಜುಟ್ಟು ಬಿಟ್ಟಿದ್ದು. ಪ್ರತಿ ಜುಟ್ಟಿಗೂ ಒಂದು ಚೀಟಿ ಕಟ್ಟಿದೆ. 25, 28, 32. ಸೆಂಟಿಮೀಟರಿನಲ್ಲಿ ಅವುಗಳ ಸುತ್ತಳತೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ತಲೆ ಸುಮಾರು ಇದೇ ಅಳತೆಯಲ್ಲಿರುತ್ತದೆ. ನಾನು ಹೆಣೆಯುವ ಉಲ್ಲನ್ ಟೋಪಿಗಳನ್ನು ಮೊದಲು ಈ ಕಾಯಿಗಳಿಗೆ ಹಾಕಿ ನೋಡುತ್ತೇನೆ.

ಆಗಾಗ ಕಾಯಿ ಬದಲಿಸಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕೊಳೆಯುತ್ತವೆ. ಆ ಕೆಲಸ ಅತ್ತೆಯದು. ಕಾಯಿ ರಾಶಿಯ ಮುಂದೆ ಕೂತು, ಟೇಪು ಹಿಡಿದು, ಒಂದೊಂದನ್ನೇ ಅಳೆದು ಆರಿಸುತ್ತಾರೆ. ಹಳೆಯದನ್ನು ಚಟ್ನಿಗೆ ಒಡೆಯುವುದಿಲ್ಲ. "ಇಷ್ಟು ದಿನ ಕೂಸಿನ ತಲೆ ಅಂತ ಕುಲಾವಿ ಹಾಕಿ, ಈಗ ಕತ್ತಿ ಹೊಡೆಯೋಕೆ ಕೈ ಬರೋದಿಲ್ಲ ಮಾರಾಯ್ತಿ" ಅನ್ನುತ್ತಾರೆ. ತೋಟಕ್ಕೆ ಹೋಗಿ ಬಾಳೆಯ ಬುಡದಲ್ಲಿ ಇಟ್ಟು ಬರುತ್ತಾರೆ.

ನಾನು ಟೋಪಿ ಅನ್ನುತ್ತೇನೆ, ಅತ್ತೆಗೆ ಅದು ಕುಲಾವಿ. ಕುಂಚಿಗೆ ಬೇರೆ, ಅದು ತಲೆ ಮುಚ್ಚಿ ಬೆನ್ನಿನ ಮೇಲೂ ಇಳಿಯುತ್ತದೆ. ನಮ್ಮ ಮಗಳಿಗೆ ಅತ್ತೆ ಹೊಲಿದಿದ್ದ ಕೆಂಪು ಕುಂಚಿಗೆ ಇನ್ನೂ ಪೆಟ್ಟಿಗೆಯಲ್ಲಿದೆ. ಈಗ ಅವಳು ಒಂಬತ್ತನೇ ಕ್ಲಾಸು.

ನನಗೆ ಈ ಹುಚ್ಚು ಹಿಡಿದದ್ದು ಮಗನಿಂದ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ ಸಿಗುವ ಸಣ್ಣ ಊರು. ಒಂಬತ್ತು ವರ್ಷದ ಹಿಂದೆ, ಪುನರ್ವಸು ಮಳೆ ಹೊಡೆಯುತ್ತಿದ್ದಾಗ, ಏಳು ವಾರ ಮುಂಚೆಯೇ ನನಗೆ ನೋವು ಶುರುವಾಯಿತು. ರಾತ್ರಿ. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಪಕ್ಕದ ಮನೆಯವರ ಜೀಪು ಹತ್ತಿ ತೀರ್ಥಹಳ್ಳಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಆ 60 ಕಿಲೋಮೀಟರ್ ನನಗೆ ಈಗಲೂ ತಿರುವು ತಿರುವಾಗಿ ನೆನಪಿದೆ. ಮಂಡಗದ್ದೆ ಹತ್ತಿರ ಮರದ ಕೊಂಬೆ ರಸ್ತೆಗೆ ಬಿದ್ದಿತ್ತು. ಇವರು ಮತ್ತು ಡ್ರೈವರ್ ಇಳಿದು ಎಳೆದು ಹಾಕಿದರು. ಪಕ್ಕದಲ್ಲೇ ತುಂಗೆ ಹರಿಯುವ ಸದ್ದು. ಸಕ್ರೆಬೈಲು ದಾಟಿತು, ಗಾಜನೂರು ದಾಟಿತು ಅಂತ ಇವರು ಒಂದೊಂದೇ ಊರು ಹೇಳುತ್ತಾ ನನ್ನ ಕೈ ಹಿಡಿದು ಕೂತಿದ್ದರು.

ಮಗ ಹುಟ್ಟಿದಾಗ ತೂಕ ಒಂದು ಕೆ.ಜಿ. ಆರುನೂರು ಗ್ರಾಂ. ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ಇವನು ಅದಕ್ಕಿಂತ ಎಷ್ಟೋ ಕೆಳಗೆ. ಅಂಥ ಮಕ್ಕಳ ಚರ್ಮದ ಕೆಳಗೆ ಕೊಬ್ಬು ತುಂಬಾ ಕಡಿಮೆ. ಮೈಯ ಬಿಸಿ ಹಿಡಿದಿಟ್ಟುಕೊಳ್ಳಲು ಅವಕ್ಕೆ ಆಗುವುದಿಲ್ಲ. ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಹಾಗಾಗಿ ತಲೆ ತೆರೆದಿದ್ದರೆ ಬಿಸಿ ಜಾಸ್ತಿ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಅಲ್ಲಿನ ಸಿಸ್ಟರ್ ಒಬ್ಬರಿಂದ. "ಟೋಪಿ ತಂದಿದೀರಾ?" ಅಂತ ಕೇಳಿದರು. ನಾವು ಏನೂ ತಂದಿರಲಿಲ್ಲ. ಏಳು ವಾರ ಇನ್ನೂ ಇದೆಯಲ್ಲ ಅಂತ ಮನೆಯಲ್ಲೂ ಏನೂ ಮಾಡಿಟ್ಟಿರಲಿಲ್ಲ. ಹೊರಗೆ ಅಂಗಡಿಯಲ್ಲಿ ಸಿಕ್ಕಿದ ಅತಿ ಸಣ್ಣ ಟೋಪಿಯೂ ಅವನ ಕಣ್ಣು ಮೂಗು ಮುಚ್ಚಿ ಕತ್ತಿನವರೆಗೆ ಇಳಿಯುತ್ತಿತ್ತು.

ಆಗ ಪಕ್ಕದ ಹಾಸಿಗೆಯ ಅಜ್ಜಿ ಒಂದು ಹಳದಿ ಟೋಪಿ ತಂದುಕೊಟ್ಟರು. ತಮ್ಮ ಮೊಮ್ಮಗಳಿಗೆ ಅಂತ ಅಲ್ಲೇ ಕೂತು ಎರಡು ಹೆಣೆದಿದ್ದರು. ಅದರಲ್ಲಿ ಒಂದು ನಮಗೆ. "ತಗಾ, ಒಂದು ಒಗದ್ರೆ ಒಂದು ಬೇಕು ಅಂತ ಎರಡು ಮಾಡಿದ್ದೆ. ಒಂದರಲ್ಲೇ ಸಾಗಿಸ್ತೀನಿ" ಅಂದರು. ಎರಡು ದಿನ ಆದಮೇಲೆ ಅವರ ಹಾಸಿಗೆ ಖಾಲಿಯಾಗಿತ್ತು, ಮನೆಗೆ ಹೋದರು ಅಂದರು. ಅವರ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಮಗ ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದ. ಆ ಹಳದಿ ಟೋಪಿ ಒಗೆದು, ಒಣಗಿಸಿ, ಮತ್ತೆ ಹಾಕಿ, ಅಷ್ಟೂ ದಿನ ಅದೇ.

ಮನೆಗೆ ಬಂದಮೇಲೆ ನನಗೆ ಆ ಅಜ್ಜಿ ಮನಸ್ಸಿನಿಂದ ಹೋಗಲೇ ಇಲ್ಲ. ಹೈಸ್ಕೂಲಿನಲ್ಲಿ ಕಲಿತಿದ್ದ ಕ್ರೋಶಾ ಕಡ್ಡಿಯನ್ನು ಮತ್ತೆ ಹಿಡಿದೆ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಹವ್ಯಾಸ ಇಲ್ಲ. ಕರೆಂಟ್ ಬೇಡ, ದೊಡ್ಡ ಜಾಗ ಬೇಡ. ಜಗಲಿಯ ಬೆಳಕಿದ್ದರೆ ಸಾಕು. ಹಾಲು ಕಾಯುವವರೆಗೆ ಎರಡು ಸುತ್ತು, ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡು ಎರಡು ಸುತ್ತು. ನೆತ್ತಿಯ ಬಿಲ್ಲೆಯಿಂದ ಶುರು ಮಾಡಬೇಕು. ಅದರ ಅಳತೆಯೇ ಎಲ್ಲಕ್ಕೂ ಮುಖ್ಯ. ಟೋಪಿಯ ಸುತ್ತಳತೆ 28 ಸೆಂ.ಮೀ. ಬೇಕಾದರೆ ಬಿಲ್ಲೆ 9 ಸೆಂ.ಮೀ. ಅಗಲ ಆಗುವವರೆಗೆ ಹೆಚ್ಚಿಸುತ್ತಾ ಹೋಗಬೇಕು. ಆಮೇಲೆ ಹೆಚ್ಚಿಸದೆ ನೇರ ಕೆಳಗೆ ಇಳಿಸಬೇಕು. ನನ್ನ ಕೈಗೆ ನೂರು ಗ್ರಾಂ ಉಂಡೆಯಲ್ಲಿ ಐದು ಟೋಪಿ ಆಗುತ್ತದೆ. ಶಿವಮೊಗ್ಗಕ್ಕೆ ಹೋದಾಗೆಲ್ಲ ಗಾಂಧಿ ಬಜಾರಿಗೆ ಹೋಗಿ ನೂಲು ತರುತ್ತೇನೆ. ಅಂಗಡಿಯಲ್ಲೇ ನಿಂತು ಉಂಡೆಯನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ಚುಚ್ಚಿದರೆ ವಾಪಸ್.

ಮೊದಲ ಸಲ ಮೂವತ್ತು ಟೋಪಿ ಮಾಡಿದೆ. ಆಗಸ್ಟ್ ತಿಂಗಳು. ಒಗೆದು ಕೊಡಬೇಕಲ್ವಾ, ಒಗೆದೆ. ಒಣಗಬೇಕಲ್ಲ! ಆಶ್ಲೇಷ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲ ಬಟ್ಟೆಗೂ ಒಂದೇ ದಾರಿ, ಬಚ್ಚಲ ಹಂಡೆ ಒಲೆಯ ಮೇಲೆ ಕಟ್ಟಿದ ಗಳ. ಅಡಿಕೆ ಸಿಪ್ಪೆ ಉರಿಯುತ್ತಾ ಇರುತ್ತದೆ, ಮೇಲೆ ಬಟ್ಟೆ ಒಣಗುತ್ತಾ ಇರುತ್ತದೆ. ಮೂವತ್ತು ಟೋಪಿಯನ್ನೂ ಅಲ್ಲೇ ಸಾಲಾಗಿ ಹಾಕಿದೆ. ಚೀಲದಲ್ಲಿ ತುಂಬಿಕೊಂಡು ಖುಷಿಯಿಂದ ಹೋದೆ.

ಸಿಸ್ಟರ್ ಒಂದನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು. ತುಂಬಾ ಮೃದುವಾಗಿ ಹೇಳಿದರು: "ಅಕ್ಕಾ, ಹೊಗೆ ವಾಸನೆ. ಶ್ವಾಸಕೋಶ ಇನ್ನೂ ಬಲಿತಿರದ ಮಕ್ಕಳು ಇವು." ನಮಗೆ ಆ ವಾಸನೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆ, ನಮ್ಮ ಬಟ್ಟೆ, ನಮ್ಮ ತಲೆಕೂದಲು ಎಲ್ಲ ಅದೇ ವಾಸನೆ. ಅವತ್ತು ಇನ್ನೂ ಎರಡು ವಿಷಯ ಹೇಳಿಕೊಟ್ಟರು. ತುದಿಯಲ್ಲಿ ಕುಚ್ಚು, ಗುಂಡಿ, ಮಣಿ ಏನೂ ಬೇಡ. ಕಾಲುಚೀಲ ಮಾಡಿದರೆ ಒಳಗೆ ಒಂದು ಎಳೆಯೂ ಸಡಿಲ ಇರಬಾರದು. ಮಗುವಿನ ಕಾಲ್ಬೆರಳಿಗೆ ಎಳೆ ಸುತ್ತಿಕೊಂಡರೆ ರಕ್ತ ಓಡಾಡದೆ ಬೆರಳು ಊದಿಕೊಳ್ಳುತ್ತದೆ, ಮಗು ಅಳುತ್ತದೆ, ಕಾಲುಚೀಲದ ಒಳಗೆ ಯಾರಿಗೂ ಕಾಣುವುದಿಲ್ಲ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಪ್ರತಿ ಕಾಲುಚೀಲವನ್ನೂ ಒಳಮೈ ಹೊರಗೆ ಮಾಡಿ, ಬೆರಳು ಹಾಕಿ ತಿರುಗಿಸಿ ನೋಡಿಯೇ ಮಡಚುವುದು. ಈಗ ಅದು ಮಗಳ ಕೆಲಸ. ನನಗಿಂತ ಅವಳ ಕಣ್ಣು ಚುರುಕು.

ಈಗ ನಮ್ಮ ಲೆಕ್ಕ ಹೀಗಿದೆ. ಮಳೆಗಾಲ ಪೂರ್ತಿ ಹೆಣೆಯುವುದು, ಹೆಣೆದಿದ್ದನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ತುಂಬುವುದು. ದೀಪಾವಳಿ ಹೊತ್ತಿಗೆ ಬಿಸಿಲು ಬರುತ್ತದೆ. ಆಗ ಒಟ್ಟಿಗೆ ಒಗೆದು ಅಂಗಳದಲ್ಲಿ ಹರಡುವುದು. ಆದರೆ ಅಂಗಳದಲ್ಲಿ ಅದೇ ಹೊತ್ತಿಗೆ ಅಡಿಕೆಯೂ ಒಣಗುತ್ತಿರುತ್ತದೆ. ಬೇಯಿಸಿದ ಅಡಿಕೆಯ ಚೊಗರು ಒಂದು ಹನಿ ತಾಗಿದರೆ ಮುಗಿಯಿತು, ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಅದಕ್ಕೆ ಇವರು ಅಂಗಳದ ಒಂದು ಮೂಲೆಗೆ ನಾಲ್ಕು ಗೂಟ ಹೊಡೆದು ಬಲೆ ಕಟ್ಟಿಕೊಟ್ಟಿದ್ದಾರೆ. ಕೊಯ್ಲಿನ ಗಡಿಬಿಡಿಯಲ್ಲಿ ಅಡಿಕೆ ಹರಡಲು ಜಾಗ ಸಾಲದೆ ಬಂದರೂ ಆ ಮೂಲೆಯನ್ನು ಇವರು ಮುಟ್ಟುವುದಿಲ್ಲ. ನವೆಂಬರ್ 17 ಅವಧಿಗೆ ಮುಂಚೆ ಹುಟ್ಟುವ ಮಕ್ಕಳ ದಿನ. ಆ ದಿನದ ಬಣ್ಣ ನೇರಳೆ. ಅದಕ್ಕಾಗಿ ಪ್ರತಿ ಸಲ ಒಂದಷ್ಟು ನೇರಳೆ ಟೋಪಿ ಮಾಡುತ್ತೇನೆ.

ಹೋದ ವರ್ಷ ಟೋಪಿ ಕೊಡಲು ಹೋದಾಗ ಅದೇ ಸಿಸ್ಟರ್ ಸಿಕ್ಕಿದರು. ಟೋಪಿ ಎಣಿಸಿಕೊಂಡು, ಸ್ವಲ್ಪ ಹಿಂದೆ ಮುಂದೆ ನೋಡಿ, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಟೋಪಿ ಈಗ ಬೇರೆಯವರೂ ಕೊಡ್ತಾರೆ. ತಾಯಂದಿರಿಗೆ ಏನಾದ್ರೂ ಆಗುತ್ತಾ?" ಅಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಒಳಗೆ ಕರೆದುಕೊಂಡು ಹೋಗಿ ಬಾಗಿಲಿನಿಂದಲೇ ತೋರಿಸಿದರು. ತಾಯಂದಿರು ಮಗುವನ್ನು ಎದೆಗೆ ಒತ್ತಿಕೊಂಡು ಒರಗಿ ಕೂತಿದ್ದರು. ಕಾಂಗರೂ ಆರೈಕೆ ಅನ್ನುತ್ತಾರಲ್ಲ, ಅದು. ಮಗುವಿಗೆ ಚಡ್ಡಿ, ಟೋಪಿ, ಕಾಲುಚೀಲ ಬಿಟ್ಟು ಬೇರೇನೂ ಇರುವುದಿಲ್ಲ. ತಾಯಿಯ ಬರೀ ಎದೆಗೆ ಮಗುವಿನ ಬರೀ ಎದೆ. ಮೇಲೆ ಬಟ್ಟೆ ಹೊದಿಸುವುದು. ಇದು ಶುರುವಾಗಿದ್ದು 1978ರಲ್ಲಿ, ಕೊಲಂಬಿಯಾ ದೇಶದ ಬೊಗೊಟಾದಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಎಡ್ಗರ್ ರೇ ಎಂಬ ಡಾಕ್ಟರು ತಾಯಿಯ ಮೈಯ ಬಿಸಿಯನ್ನೇ ಬಳಸೋಣ ಅಂದರು. ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೊತ್ತು ಹೀಗೆ ಇಟ್ಟುಕೊಳ್ಳಿ ಎನ್ನುತ್ತದೆ. ನಾನೂ ಹಾಗೆ ಕೂತವಳೇ. ನನಗೆ ಸುಸ್ತಾದಾಗ ಇವರು ಅಂಗಿ ಬಿಚ್ಚಿ ಕೂರುತ್ತಿದ್ದರು. ಮಗನ ಉಸಿರು ತಮ್ಮ ಎದೆಯ ಕೂದಲಿಗೆ ತಾಗುತ್ತಿತ್ತು ಅಂತ ಇವತ್ತಿಗೂ ಹೇಳುತ್ತಾರೆ.

ಆದರೆ ಅಲ್ಲಿ ಕೂತವರ ಮೈಮೇಲೆ ಏನಿತ್ತು ನೋಡಿ. ಒಬ್ಬರದು ಮುಂದೆ ಬಿಚ್ಚಲು ಬಾರದ ನೈಟಿ, ಕತ್ತಿನವರೆಗೆ ಎತ್ತಿಕೊಂಡು ಹಲ್ಲಿನಲ್ಲಿ ಅಂಚು ಕಚ್ಚಿದ್ದರು. ಒಬ್ಬರು ಸೀರೆ ಸೆರಗಿನಲ್ಲಿ ಹೇಗೋ ಮುಚ್ಚಿಕೊಂಡು, ಯಾರು ಬಂದರೂ ಬೆಚ್ಚಿ ಬೀಳುತ್ತಿದ್ದರು. ಕೂಲಿಗೆ ಬಂದ ಕಡೆಯಿಂದ ಹಾಗೇ ಎದ್ದು ಬಂದವರು, ಉಟ್ಟ ಬಟ್ಟೆ ಬಿಟ್ಟರೆ ಇನ್ನೊಂದು ಇಲ್ಲದವರು. ಮುಜುಗರಕ್ಕೆ ಮಗುವನ್ನು ಬೇಗ ಕೆಳಗಿಳಿಸುತ್ತಾರೆ ಅಂತ ಸಿಸ್ಟರ್ ಹೇಳಿದರು. ಇಷ್ಟು ವರ್ಷ ನಾನು ಮಗುವಿನ ತಲೆಯನ್ನೇ ಅಳೆಯುತ್ತಿದ್ದೆ. ನಾನೇ ಅಲ್ಲಿ ಮೂರು ವಾರ ಕೂತಿದ್ದರೂ ಇದು ನನಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಮುಂದೆ ಗುಂಡಿ ಇರುವ ಅಂಗಿ ಹೊಲಿಯೋಣ ಅಂತ ನನ್ನ ಯೋಚನೆ. ಅತ್ತೆ ಅಡಿಕೆ ಸುಲಿಯುತ್ತಾ ಕೂತಿದ್ದರು. ಮೆಟ್ಟುಗತ್ತಿಯಿಂದ ಕೈ ತೆಗೆದು, "ಗುಂಡಿ ಎಂತಕ್ಕೆ? ಕೂಸಿನ ಕೆನ್ನೆಗೆ ಒತ್ತುತ್ತೆ. ಕಸೆ ಅಂಗಿ ಹೊಲಿ" ಅಂದರು.

ಕಸೆ ಅಂಗಿ! ಗುಂಡಿಯ ಬದಲು ಬಟ್ಟೆಯದೇ ದಾರ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಂದು ಪಕ್ಕದಲ್ಲಿ ಗಂಟು. ಮುಂದೆ ಎರಡು ಪದರ ಒಂದರ ಮೇಲೊಂದು ಬರುತ್ತದೆ. ಮಗು ಒಳಗೆ ಕೂತರೆ ಪದರವೇ ಚೀಲದ ಹಾಗೆ ಹಿಡಿದುಕೊಳ್ಳುತ್ತದೆ. ದಪ್ಪ ಇರಲಿ, ತೆಳ್ಳಗಿರಲಿ, ಗಂಟು ಸಡಿಲಿಸಿದರೆ ಎಲ್ಲರಿಗೂ ಆಗುತ್ತದೆ. ಬಟ್ಟೆಗೆ ಹಳೆಯ ಹತ್ತಿ ಸೀರೆಗಿಂತ ಒಳ್ಳೆಯದು ಇಲ್ಲ, ನೂರು ಸಲ ಒಗೆದು ಬೆಣ್ಣೆಯ ಹಾಗೆ ಆಗಿರುತ್ತದೆ. ನಮ್ಮ ಕಡೆ ಹುಟ್ಟಿದ ಮಗುವನ್ನು ಮೊದಲು ಸುತ್ತುವುದೇ ಅದರಲ್ಲಿ ಅಲ್ವಾ? ಸವೆದ ಭಾಗ ತೆಗೆದರೆ ಒಂದು ಸೀರೆಗೆ ಎರಡು ಅಂಗಿ, ಉಳಿದದ್ದರಲ್ಲಿ ಮಗುವಿಗೆ ಸುತ್ತುವ ಎರಡು ಬಟ್ಟೆ.

ಮೊದಲ ಅಂಗಿಯನ್ನು ನಾನೇ ಹಾಕಿಕೊಂಡು, ಒಳಗೆ 32ರ ತೆಂಗಿನಕಾಯಿ ಇಟ್ಟುಕೊಂಡು ಜಗಲಿಯಲ್ಲಿ ಅತ್ತಿತ್ತ ನಡೆದೆ. ಕಾಯಿ ಜಾರಿತು. ಕೆಳಗಿನ ಕಸೆಯನ್ನು ನಾಲ್ಕು ಬೆರಳು ಮೇಲಕ್ಕೆ ತಂದೆ. ಆಗ ನಿಂತಿತು. ಎರಡನೇ ಅಂಗಿಯ ತೋಳು ಬಿಗಿಯಾಗಿತ್ತು, ಸಲೈನ್ ಸೂಜಿ ಇರುವ ಕೈ ಹೋಗುವುದಿಲ್ಲ ಅಂತ ಮಗಳು ಹೇಳಿದಳು. ಅಗಲ ಮಾಡಿದೆ. ಆರು ಅಂಗಿಯನ್ನು ಸಿಸ್ಟರಿಗೆ ಕೊಟ್ಟು, ಬಳಸಿ ನೋಡಿ ಹೇಳಿ ಅಂದೆ. ಎರಡು ವಾರ ಆದಮೇಲೆ ಫೋನ್ ಬಂತು. "ಬಣ್ಣ ಸ್ವಲ್ಪ ಗಾಢ ಇರಲಿ ಅಕ್ಕ. ಹಾಲಿನ ಕಲೆ ಕಾಣುತ್ತೆ ಅಂತ ಅವರಿಗೆ ಸಂಕೋಚ. ಮತ್ತೆ ಇನ್ನೂ ಬೇಕು."

ಊರಲ್ಲಿ ವಿಷಯ ಹಬ್ಬಿತು. ಈಗ ನಮ್ಮನೆಗೆ ಸೀರೆ ಬರುತ್ತವೆ. ಒಬ್ಬರು ಮದುವೆಯಲ್ಲಿ ಸಿಕ್ಕಿದ, ಒಮ್ಮೆಯೂ ಉಡದ ಪಾಲಿಯೆಸ್ಟರ್ ಸೀರೆಗಳನ್ನು ಕೊಟ್ಟರು. ಅದು ಬೇಡ, ಬೆವರು ಹೀರುವುದಿಲ್ಲ, ಉಟ್ಟು ಹಳತಾದ ಹತ್ತಿಯದೇ ಬೇಕು ಅಂತ ಹೇಳಲು ನನಗೆ ಕಷ್ಟವಾಯಿತು. ಆದರೂ ಹೇಳಿದೆ. ಅವರು ಒಳಗೆ ಹೋಗಿ ತಮ್ಮ ತಾಯಿಯ ಎರಡು ಸೀರೆ ತಂದುಕೊಟ್ಟರು. ತಾಯಿ ತೀರಿಹೋಗಿ ನಾಲ್ಕು ವರ್ಷ ಆಗಿತ್ತಂತೆ. ಒಂದನ್ನು ಕೊಡುವ ಮುಂಚೆ ಮುಖಕ್ಕೆ ಒತ್ತಿಕೊಂಡರು. ಆ ಸೀರೆಯಲ್ಲಿ ಹೊಲಿದ ಅಂಗಿಗಳ ಫೋಟೋ ತೆಗೆದು ಅವರಿಗೆ ಕಳಿಸಿದ್ದೇನೆ.

ಮಗನಿಗೆ ತನ್ನದೇ ಪಾಲು ಬೇಕು ಅಂತ ಹಟ. ಚೀಟಿ ಬರೆಯುವುದು ಅವನಿಗೆ ಕೊಟ್ಟಿದ್ದೇವೆ. ಪ್ರತಿ ಅಂಗಿಯ ಜೊತೆಗೂ ಒಂದು ಟೋಪಿ, ಒಂದು ಜೊತೆ ಕಾಲುಚೀಲ, ಒಂದು ಸುತ್ತುವ ಬಟ್ಟೆ, ಮತ್ತು ಅವನ ಅಕ್ಷರದ ಒಂದು ಚೀಟಿ. ಮೊದಲು ಬರೀ ಅಳತೆ ಬರೆಯುತ್ತಿದ್ದ. ಮೊನ್ನೆ ಕಟ್ಟುವಾಗ ನೋಡಿದರೆ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾನೆ: "ನಾನೂ 1600 ಗ್ರಾಂ ಇದ್ದೆ. ಈಗ 26 ಕೆ.ಜಿ." ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಎಲ್ಲ ಚೀಟಿಯಲ್ಲೂ ಹೀಗೇ ಬರಿ ಅಂದರು.

ಈ ಭಾನುವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇವೆ. ಹದಿನೆಂಟು ಕಟ್ಟು ಸಿದ್ಧವಾಗಿವೆ. ಹತ್ತೊಂಬತ್ತನೆಯದಕ್ಕೆ ಎಡಗಡೆಯ ಕಸೆ ಇನ್ನೂ ಹಚ್ಚಬೇಕು. ಕರೆಂಟ್ ಹೋಗಿದೆ, ಮಗಳು ಮೆಷಿನ್ ಬಿಟ್ಟು ಕೈಯಲ್ಲೇ ಹೊಲಿಯುತ್ತಿದ್ದಾಳೆ. ಮಗ ಟಾರ್ಚ್ ಹಿಡಿದು ನಿಂತಿದ್ದಾನೆ.