ಕೆಂಟೆ ಆರ್ಡರ್ ಕೊಡುವ ಮುನ್ನ ಪಟ್ಟಿಯ ಅಗಲ ನೋಡಿ

ಕೆಂಟೆ ಎಂದರೆ ಘಾನಾದ ಬಣ್ಣಬಣ್ಣದ ಕೈಮಗ್ಗದ ಬಟ್ಟೆ. ಅದರ ನೇಕಾರರಿಗೆ ಹೊರದೇಶದ ಡಿಸೈನರುಗಳಿಂದ ಬರುವ ಆರ್ಡರು ಬಹಳ ಸಲ ಹೀಗಿರುತ್ತದೆ: ಒಂದು ಫೋಟೊ, ಕೆಳಗೆ “150 ಸೆಂ.ಮೀ. ಪನ್ನ, 5 ಮೀಟರ್, ಇದೇ ಬಣ್ಣ”. ಬಟ್ಟೆ ಹಾಳಾಗುವುದು, ಮಾತು ಮುರಿಯುವುದು ಎರಡೂ ಈ ಒಂದು ಸಾಲಿನಿಂದಲೇ ಶುರು.

ಕುಮಾಸಿ ಹತ್ತಿರದ ಬೋನ್‌ವೈರ್ ಆಗಲಿ, ವೋಲ್ಟಾ ಪ್ರಾಂತ್ಯದ ಅಗೋಟಿಮೆ-ಕ್ಪೆಟೋಯೆ ಆಗಲಿ, ಅಲ್ಲಿನ ಮಗ್ಗದಿಂದ 150 ಸೆಂ.ಮೀ. ಪನ್ನದ ಬಟ್ಟೆ ಇಳಿಯುವುದಿಲ್ಲ. ಇಳಿಯುವುದು ಸುಮಾರು 10 ಸೆಂ.ಮೀ. ಅಗಲದ ಉದ್ದನೆಯ ಪಟ್ಟಿ. ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದ ಮೇಲೆಯೇ ಅದು ಹೊದೆಯುವ ಬಟ್ಟೆ. ಇಳಕಲ್ಲಿನ ಗುಂಡಿ ಮಗ್ಗ ಕಂಡವರಿಗೆ ಈ ಮಗ್ಗದಲ್ಲಿ ಮೊದಲು ಕಣ್ಣಿಗೆ ಬೀಳುವ ವ್ಯತ್ಯಾಸವೆಂದರೆ, ಇಲ್ಲಿ ಹಾಸನ್ನು (ಉದ್ದದ ಎಳೆಗಳನ್ನು) ಮರಕ್ಕೆ ಸುತ್ತಿಟ್ಟಿರುವುದಿಲ್ಲ. ಹಾಸು ನೇಕಾರನ ಮುಂದೆ ಅಂಗಳದುದ್ದ ಚಾಚಿಕೊಂಡಿರುತ್ತದೆ. ಅದರ ತುದಿಯನ್ನು ಕಲ್ಲು ಹೇರಿದ ಹಲಗೆಗೆ ಕಟ್ಟಿರುತ್ತಾರೆ. ನೆಯ್ದಷ್ಟೂ ಹಲಗೆ ನೆಲದ ಮೇಲೆ ಜರುಗುತ್ತ ಅವನ ಕಡೆಗೆ ಬರುತ್ತದೆ. ಎಳೆ ಎತ್ತುವ ಕುಣಿಕೆಗಳು ಎರಡು ಜೊತೆ: ಒಂದು ಸಾದಾ ನೇಯ್ಗೆಗೆ, ಇನ್ನೊಂದು ಹಾಸಿನ ಎಳೆಗಳನ್ನು ಗುಂಪುಗುಂಪಾಗಿ ಎತ್ತಿ ಹೊಕ್ಕಿನ (ಅಡ್ಡ ಎಳೆಯ) ಬಣ್ಣವೇ ಮೇಲೆ ಕಾಣುವಂತೆ ಮಾಡುವುದಕ್ಕೆ. ಕೆಂಟೆಯ ದಟ್ಟ ಬಣ್ಣದ ಚೌಕಗಳು ಈ ಎರಡನೆಯ ಜೊತೆಯ ಕೆಲಸ.

ಈಗ ಆ 5 ಮೀಟರಿನ ಲೆಕ್ಕ ಮಾಡಿ. ಅಂಚಿಗೆ ಅಂಚು ತಾಗಿಸಿ ಅಂಕುಡೊಂಕು ಹೊಲಿಗೆ ಹಾಕಿದರೆ 15 ಪಟ್ಟಿ, ಅಂದರೆ 75 ಮೀಟರ್ ನೇಯ್ಗೆ. ಡಿಸೈನರಿನ ದರ್ಜಿ ಪ್ರತಿ ಬದಿಗೂ ಅರ್ಧ ಸೆಂ.ಮೀ. ಒಳಗೆ ಮಡಚಿ ಹೊಲಿದರೆ ಪಟ್ಟಿ 9 ಸೆಂ.ಮೀ.ಗೆ ಇಳಿಯುತ್ತದೆ, ಆಗ ಬೇಕಾಗುವುದು 17 ಪಟ್ಟಿ, 85 ಮೀಟರ್. ಆ ಹೆಚ್ಚುವರಿ 10 ಮೀಟರಿನ ಕೂಲಿ ಯಾರು ಕೊಡಬೇಕು? ಹೊಲಿಗೆ ಯಾವ ಬಗೆಯದು ಎಂದು ಮೊದಲೇ ಬರೆಯದಿದ್ದರೆ ಅದು ನೇಕಾರನ ತಲೆಗೇ ಬರುತ್ತದೆ.

ಇದಕ್ಕಿಂತ ಕಷ್ಟದ್ದು ಚಿತ್ತಾರ ಜಾರುವುದು. 8 ಸೆಂ.ಮೀ.ಗೊಮ್ಮೆ ಮರಳುವ ಚೌಕ ಇದೆ ಎಂದುಕೊಳ್ಳಿ. ಹೊಕ್ಕನ್ನು ಬಡಿಯುವ ಬಿಗಿಯಲ್ಲಿ ವ್ಯತ್ಯಾಸವಾಗಿ ಒಂದೊಂದು ಚೌಕ ಬರೀ 2 ಮಿ.ಮೀ. ಹೆಚ್ಚಾದರೆ, 5 ಮೀಟರಿನಲ್ಲಿ ಅರವತ್ತೆರಡು ಸಲ ಮರಳಿ, ಕೊನೆಗೆ 12 ಸೆಂ.ಮೀ.ಗೂ ಮೀರಿ ತಪ್ಪುತ್ತದೆ. ಪಕ್ಕದ ಪಟ್ಟಿಯ ಜೊತೆ ಗೆರೆ ಕೂಡುವುದೇ ಇಲ್ಲ. ಹಲಗೆಯ ಮೇಲಿನ ಕಲ್ಲಿನ ಭಾರ ಬದಲಾದರೂ, ನಡುವೆ ಬೇರೆ ಕೈ ಕೂತರೂ ಹೀಗಾಗುತ್ತದೆ. ನುರಿತವರು ಹಿಂದಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ಅಳೆಯುತ್ತಲೇ ನೇಯುತ್ತಾರೆ. ಡಿಸೈನರು ಮಾಡಬಹುದಾದದ್ದೂ ಇದೆ: ಒಂದು ಉಡುಪಿನ ಪಟ್ಟಿಗಳೆಲ್ಲ ಒಂದೇ ಹಾಸಿನಿಂದ, ಒಬ್ಬನೇ ನೇಕಾರನ ಕೈಯಿಂದ ಬರಲಿ ಎಂದು ಕೇಳುವುದು, ಮತ್ತು ಬಟ್ಟೆಯ ಅಡ್ಡಕ್ಕೆ ಒಂದೇ ಗೆರೆ ಹಾಯಬೇಕೆಂಬ ಹಟ ಬಿಡುವುದು. ಹಳೆಯ ಕೆಂಟೆಗಳಲ್ಲಿ ಚೌಕಗಳು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಕೂರುತ್ತವೆ. ಆ ಜೋಡಣೆಯಲ್ಲಿ ಸಣ್ಣ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ.

ಕತ್ತರಿ ಹಾಕುವ ಮುಂಚೆ ಹಿಂಬದಿಗೆ ತೆಳುವಾದ ಫ್ಯೂಸಿಂಗ್ (ಇಸ್ತ್ರಿ ಶಾಖಕ್ಕೆ ಅಂಟುವ ಒಳಪದರ) ಅಂಟಿಸಲೇಬೇಕು. ಕಂಕುಳ ಸುತ್ತಿನ ಬಾಗಿಗಾಗಿ ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿದಾಗ ದಪ್ಪ ಹೊಕ್ಕು ಬಿಚ್ಚಿಕೊಳ್ಳುತ್ತದೆ, ಕೂಡುಹೊಲಿಗೆಯೂ ಬಾಯಿಬಿಡುತ್ತದೆ. ಫ್ಯೂಸಿಂಗ್ ಅಂಟಿಸುವಾಗಲೂ ಎಚ್ಚರ ಬೇಕು. ರೇಯಾನ್ ನೂಲು, ಜರಿಯಂಥ ಮಿಂಚು ನೂಲು ಇದ್ದರೆ ಮೇಲೆ ಹತ್ತಿಬಟ್ಟೆ ಹಾಸಿ ಕಡಿಮೆ ಶಾಖದಲ್ಲಿ ಒತ್ತಬೇಕು. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಕೆಲವು ಕಡುಬಣ್ಣಗಳು ಬಿಡುತ್ತವೆ. ಒಗೆದು ಉಡುವ ಉಡುಪಾದರೆ ಹತ್ತಿ ನೂಲನ್ನೇ ಕೇಳಿ, ಒಂದು ಗೇಣು ಪಟ್ಟಿಯನ್ನು ಬಿಳಿ ಬಟ್ಟೆಯ ಜೊತೆ ತೊಳೆದು ನೋಡಿ.

ನೂಲಿನ ಲೆಕ್ಕವನ್ನು ಡಿಸೈನರೂ ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೆಂ.ಮೀ.ಗೆ 24 ಎಳೆ ಹಾಕಿದರೆ 10 ಸೆಂ.ಮೀ. ಪಟ್ಟಿಗೆ 240 ಎಳೆ. ಹಾಸು 80 ಮೀಟರ್ ಎಂದುಕೊಂಡು ಶೇ. 10 ಪೋಲು ಸೇರಿಸಿದರೆ 88 ಮೀಟರ್, ಒಟ್ಟು 21,120 ಮೀಟರ್ ನೂಲು. 20ನೇ ನಂಬರಿನ (ನಂಬರ್ ಎಂದರೆ ನೂಲು ಎಷ್ಟು ಸಣ್ಣ ಎಂಬ ಅಳತೆ) ಹತ್ತಿ ನೂಲಾದರೆ ಇದು ಸುಮಾರು 620 ಗ್ರಾಂ. ಹೊಕ್ಕಿನದು ಬೇರೆ, ಚೌಕಗಳು ದಟ್ಟವಾಗಿದ್ದಷ್ಟೂ ಅದು ಏರುತ್ತದೆ. ಇಷ್ಟನ್ನೂ ಒಂದೇ ಸಲ, ಒಂದೇ ಬಣ್ಣದ ಪಾಕದಿಂದ ಕೊಳ್ಳಬೇಕು. ಅರ್ಧದಲ್ಲಿ ನೂಲು ಮುಗಿದು ಮತ್ತೆ ತಂದರೆ ಅದೇ ಹಳದಿ ಬೇರೆ ಹಳದಿಯಾಗಿರುತ್ತದೆ. ಮೊಬೈಲ್ ಪರದೆ ನೋಡಿ ಬಣ್ಣ ಒಪ್ಪುವುದೂ ಬೇಡ. ರಟ್ಟಿಗೆ ಸುತ್ತಿದ ನೂಲಿನ ತುಂಡು ಕೊರಿಯರಿನಲ್ಲಿ ಬರಲಿ.

ನೂಲಿನ ಹಣ ಮುಂಗಡವಾಗಿ ಹೋಗಬೇಕು. ನೇಕಾರ ಸಾಲ ಮಾಡಿ ನೂಲು ತಂದು, ಬಟ್ಟೆ ತಿರಸ್ಕಾರವಾದರೆ ಆ ಬಣ್ಣವನ್ನು ಊರಲ್ಲಿ ಯಾರೂ ಕೊಳ್ಳುವುದಿಲ್ಲ. ಮಾದರಿ ಪಟ್ಟಿಗೂ ಕೂಲಿ ಇದೆ. ಕೂಲಿಯನ್ನು ಮೀಟರಿಗೆ ಒಂದೇ ದರ ಎಂದು ಕಟ್ಟಿದರೆ ಅನ್ಯಾಯ. ಸಾದಾ ಪಟ್ಟೆಗೆ ಹಿಡಿಯುವ ಹೊತ್ತೇ ಬೇರೆ, ಒತ್ತೊತ್ತಾಗಿ ಚಿತ್ತಾರ ತುಂಬಿದ ಅದ್ವಿನಾಸ ಎಂಬ ಕೆಂಟೆಗೆ ಹಿಡಿಯುವ ಹೊತ್ತೇ ಬೇರೆ.

ಹಾಗಾದರೆ ಯಾವ ವಸ್ತು ಒಪ್ಪುತ್ತದೆ? ಅಮೆರಿಕದ ಆಫ್ರಿಕನ್ ಮೂಲದ ವಿದ್ಯಾರ್ಥಿಗಳು ಪದವಿ ಸಮಾರಂಭದಲ್ಲಿ ಹೆಗಲಿಗೆ ಹಾಕುವ ಕೆಂಟೆ ಪಟ್ಟಿ ಒಳ್ಳೆಯ ಉದಾಹರಣೆ. ಮಗ್ಗದ ಅಗಲವೇ ಅದರ ಅಗಲ, ಕೂಡುಹೊಲಿಗೆಯ ಕಾಟವಿಲ್ಲ. ಆದರೆ ಸಮಾರಂಭಗಳು ಮೇ-ಜೂನಿನಲ್ಲಿ. ಮಾರ್ಚಿನಲ್ಲಿ ಆರ್ಡರು ಕಳಿಸಿ ಅವಸರ ಮಾಡಿದರೆ ಸಿಗುವುದು ಸಡಿಲ ನೇಯ್ಗೆ. ನೈಜೀರಿಯಾದ ಅಸೊ ಒಕೆ ಕೂಡ ಇಂಥದ್ದೇ ಪಟ್ಟಿ ಬಟ್ಟೆ. ಅದನ್ನು ಕೋಟು-ಪ್ಯಾಂಟಿಗೆ ತಂದ ಡಿಸೈನರ್ ಕೆನೆತ್ ಇಜೆ 2019ರಲ್ಲಿ ಫ್ರಾನ್ಸಿನ ಫ್ಯಾಶನ್ ಕಂಪನಿ ಎಲ್‌ವಿಎಂಎಚ್ ಕೊಡುವ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದರು.

ಇನ್ನೊಂದು ದಾರಿ ಮಗ್ಗವನ್ನೇ ಅಗಲ ಮಾಡುವುದು. ಸೆನೆಗಲ್‌ನಲ್ಲಿ ಜವಳಿ ಡಿಸೈನರ್ ಅಯಿಸ್ಸಾ ಡಿಯೋನ್ ಮಂಜಾಕ್ ಸಮುದಾಯದ ನೇಕಾರರ ಜೊತೆ ಕೂತು ಕಿರಿದಾದ ಮಗ್ಗವನ್ನು ಹಿಗ್ಗಿಸಿ, ಪೀಠೋಪಕರಣಕ್ಕೆ ಹೊದಿಸುವ ಬಟ್ಟೆ ನೇಯಿಸಿದರು. ಸೋಫಾದ ಬಟ್ಟೆಗೆ ಅಗಲ ಬೇಕೇ ಬೇಕು, ಹಾಗಾಗಿ ಅಲ್ಲಿ ಅದು ಸರಿ. ಆದರೆ ಅಗಲ ಹೆಚ್ಚಿದಂತೆ ಚೌಕಟ್ಟು ಗಟ್ಟಿಯಾಗಬೇಕು, ಹೊಕ್ಕನ್ನು ಬಡಿಯುವ ಹಣಿಗೆ ಭಾರವಾಗುತ್ತದೆ, ಲಾಳಿ ಕೈಯಿಂದ ಕೈಗೆ ದಾಟುವ ದೂರ ಬೆಳೆಯುತ್ತದೆ. ನೇಕಾರ ಹೊಸದಾಗಿ ಕಲಿಯುವ ತಿಂಗಳುಗಳ ಕೂಲಿಯನ್ನೂ ಯಾರಾದರೂ ಹೊರಬೇಕು. ಕೆಂಟೆಗೆ ಈ ದಾರಿ ಬೇಡ ಎನ್ನುತ್ತೇನೆ, ಪಟ್ಟಿ ಹೋದರೆ ಅದರ ರೂಪವೇ ಹೋಗುತ್ತದೆ.

2024ರ ಡಿಸೆಂಬರಿನಲ್ಲಿ ಯುನೆಸ್ಕೊ ಕೆಂಟೆ ನೇಯ್ಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಅದೇ ಚಿತ್ತಾರ ಅಚ್ಚಾದ ಮಿಲ್ ಬಟ್ಟೆ ಅಗ್ಗದಲ್ಲಿ ಸಿಗುತ್ತಿದೆ. ಕೊಳ್ಳುವವರು ಬಟ್ಟೆ ತಿರುಗಿಸಿ ನೋಡಲಿ: ಕೈನೇಯ್ಗೆಯಾದರೆ ಹತ್ತು ಸೆಂ.ಮೀ.ಗೊಂದು ಕೂಡುಹೊಲಿಗೆ ಇರುತ್ತದೆ, ಅಚ್ಚಿನದಾದರೆ ಹಿಂಬದಿ ಸಾಮಾನ್ಯವಾಗಿ ಮಂಕು. ಮಾರುವವರು ಚೀಟಿಯ ಮೇಲೆ ಊರು, ಚಿತ್ತಾರದ ಹೆಸರು, ನೂಲು ಯಾವುದು ಎಂದು ಹಾಕಲಿ. ನೇಕಾರ ಒಪ್ಪಿದರೆ ಅವನ ಹೆಸರನ್ನೂ ಹಾಕಲಿ. ಯುರೋಪಿನಲ್ಲೂ ಅಮೆರಿಕದಲ್ಲೂ ನೂಲಿನ ವಿವರವಿಲ್ಲದೆ ಉಡುಪು ಮಾರುವಂತಿಲ್ಲ.

ಒಪ್ಪಿದ ಮಾದರಿ ಪಟ್ಟಿಯನ್ನು ಎರಡು ತುಂಡು ಮಾಡಿ, ಒಂದು ಡಿಸೈನರಿನ ಬಳಿ, ಇನ್ನೊಂದು ನೇಕಾರನ ಬಳಿ ಇರಲಿ. ಎರಡಕ್ಕೂ ಅಗಲ, ಸೆಂ.ಮೀ.ಗೆ ಎಳೆ, ಚೌಕದ ಉದ್ದ, ನೂಲಿನ ನಂಬರ್ ಬರೆದ ಚೀಟಿ ಪೋಣಿಸಿ. ಮುಂದಿನ ವರ್ಷ ಅದೇ ಬಟ್ಟೆ ಬೇಕೆಂದಾಗ ಫೋಟೊ ಬೇಡ, ಆ ಚೀಟಿಯಲ್ಲಿರುವ ಅಂಕಿಗಳನ್ನು ಹೇಳಿದರೆ ಸಾಕು.