ಸೆವೆರೆನ್ಸ್‌ಗೆ ಕನ್ನಡ ಸಬ್‌ಟೈಟಲ್: ಎರಡನೇ ಸೀಸನ್ನಿನ ಕೊನೆಯ ಕಂತಿಗೆ ಬಂದಾಗ

ಸೆವೆರೆನ್ಸ್ ಇಂಗ್ಲಿಷ್ ಟಿವಿ ಸರಣಿ. ಅದರಲ್ಲಿ ನೌಕರರ ಕಚೇರಿಯ ನೆನಪನ್ನೂ ಹೊರಗಿನ ನೆನಪನ್ನೂ ಶಸ್ತ್ರಚಿಕಿತ್ಸೆಯಿಂದ ಬೇರ್ಪಡಿಸಿರುತ್ತಾರೆ, ಹಾಗಾಗಿ ಒಬ್ಬೊಬ್ಬರೊಳಗೂ ಇಬ್ಬರು. ಮೊದಲ ಸೀಸನ್ನಿನ (2022) 9 ಕಂತುಗಳ ಕರಡು ಮುಗಿದಿದೆ. ಎರಡನೆಯದರಲ್ಲಿ (2025) ಹತ್ತನೇ ಕಂತು ಮಾತ್ರ ಬಾಕಿ, ಮತ್ತು ಕಷ್ಟವೆಲ್ಲ ಅಲ್ಲೇ ಇದೆ.

ಮೊದಲು ತಾಂತ್ರಿಕ ವಿಷಯ. ಫೈಲನ್ನು ಕನ್ನಡ ಲಿಪಿಯನ್ನೂ ಹಿಡಿಸುವ ಯುಟಿಎಫ್-8 ಸಂಕೇತ ಕ್ರಮದಲ್ಲೇ ಉಳಿಸಬೇಕು, ಇಲ್ಲದಿದ್ದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಸೆಕೆಂಡಿಗೆ 23.976 ಫ್ರೇಮಿನ ವಿಡಿಯೊಗೆ 25 ಫ್ರೇಮಿನ ಟೈಮಿಂಗ್ ಹಾಕಿದರೆ 50 ನಿಮಿಷದಲ್ಲಿ ಸುಮಾರು 2 ನಿಮಿಷ ಜಾರುತ್ತದೆ. ಇದನ್ನು ಸಾಲುಸಾಲಾಗಿ ತಿದ್ದಲು ಹೋಗಬೇಡಿ, ಸಬ್‌ಟೈಟಲ್ ಎಡಿಟ್‌ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಸಾಕು. ತಂತ್ರಾಂಶ ತೋರಿಸುವ ಓದುವ ವೇಗವನ್ನು ಪೂರ್ತಿ ನಂಬಬಾರದು: ‘ಸ್ತ್ರೀ’ ನಮಗೆ ಒಂದು ಅಕ್ಷರ, ಅದರ ಲೆಕ್ಕದಲ್ಲಿ ಆರು. ಹಾಗಾಗಿ ವೇಗ ಹೆಚ್ಚಾಯಿತೆಂದು ಅದು ಕೆಂಪು ತೋರಿಸಿದ ಸಾಲನ್ನೆಲ್ಲ ಕತ್ತರಿಸದೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ‘ಡೈಲನ್‌ಗೆ’, ‘ಮಾರ್ಕ್‌ಗೆ’ ಎಂದು ಪಾತ್ರಗಳ ಹೆಸರು ಬರುವಲ್ಲಿ ನಡುವೆ ಕಾಣದ ಯು+200ಸಿ (ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ) ಇರಲೇಬೇಕು. ಅದು ಅಳಿಸಿಹೋದರೆ ಗಕಾರ ಒತ್ತಾಗಿ ಕೆಳಗಿಳಿದು ‘ಡೈಲನ್ಗೆ’ ಆಗುತ್ತದೆ. 4ನೇ ಕಂತಿನಲ್ಲಿ ಹೀಗೇ ಆಯಿತು. ಅನಗತ್ಯ ಖಾಲಿ ಜಾಗ ತೆಗೆಯುವ ಸ್ಕ್ರಿಪ್ಟ್ ಇದನ್ನೂ ಗುಡಿಸಿಹಾಕಿತ್ತು.

ಪದಗಳ ವಿಷಯದಲ್ಲಿ ‘ಸೆವೆರೆನ್ಸ್’ ಎಂಬುದಕ್ಕೆ ‘ವಿಚ್ಛೇದನ’ ಬಿಟ್ಟು ‘ಬೇರ್ಪಡಿಕೆ’ ಇಟ್ಟುಕೊಂಡೆವು. ಮೊದಲನೆಯದು ಓದಿದೊಡನೆ ಕೌಟುಂಬಿಕ ನ್ಯಾಯಾಲಯ ನೆನಪಾಗುತ್ತದೆ. ಇನ್ನಿ (ಕಚೇರಿಯಲ್ಲಷ್ಟೇ ಎಚ್ಚರವಿರುವವ), ಔಟಿ (ಹೊರಗೆ ಬದುಕುವವ) ಎಂಬುವಕ್ಕೆ ‘ಒಳಗಿನವ’, ‘ಹೊರಗಿನವ’. ಕನ್ನಡದಲ್ಲಿ ಹೊರಗಿನವ ಅಂದರೆ ಪರಕೀಯನೂ ಹೌದು, ಕಚೇರಿಯಲ್ಲೇ ಕಣ್ಣುಬಿಟ್ಟವರಿಗೆ ಆ ಅರ್ಥ ಚೆನ್ನಾಗಿ ಒಪ್ಪುತ್ತದೆ. ಆದರೆ ಕಥಾನಾಯಕ ಮಾರ್ಕ್‌ನ ಹೊರಗಿನವ ‘ನನ್ನ ಒಳಗಿನವ’ ಅಂದರೆ ಅಂತರಾತ್ಮದ ಮಾತಾಗಿಬಿಡುತ್ತದೆ. ಅಲ್ಲಿ ‘ನನ್ನ’ ತೆಗೆದು ‘ಒಳಗಿರುವವನು’ ಎಂದು ತಿದ್ದಬೇಕು.

ಮೊದಲ ಸೀಸನ್ನಿನ ಮೊದಲ ಕಂತಿನಲ್ಲಿ, ಆಗಷ್ಟೇ ಕಚೇರಿಯಲ್ಲಿ ಕಣ್ಣುಬಿಟ್ಟ ಹೆಲಿಗೆ ಕೇಳುವ ಐದನೇ ಪ್ರಶ್ನೆ ತಾಯಿಯ ಕಣ್ಣಿನ ಬಣ್ಣದ್ದು. ‘ಬಣ್ಣ ಯಾವುದು?’ ಎಂದರೆ ಕನ್ನಡ ಸಲೀಸು, ಆದರೆ ಇದೆಯೋ ಇತ್ತೋ ಎಂಬುದು ಕಳೆದುಹೋಗುತ್ತದೆ. ತಾಯಿ ಬದುಕಿದ್ದಾಳೋ ಇಲ್ಲವೋ ಎಂಬುದೂ ಹೆಲಿಗೆ ಗೊತ್ತಿಲ್ಲ. ಸಾಲು ಉದ್ದವಾದರೂ ‘ಯಾವುದು, ಅಥವಾ ಯಾವುದಾಗಿತ್ತು?’ ಎಂದೇ ಇರಲಿ.

ಇನ್ನು ನೀನು–ನೀವು. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ, ನಮಗೆ ಪ್ರತಿ ಸಾಲಿನಲ್ಲೂ ತೀರ್ಮಾನಿಸದೆ ಗತಿಯಿಲ್ಲ. ಮಾರ್ಕ್–ಹೆಲಿ ‘ನೀವು’ನಿಂದ ಶುರುಮಾಡಿ, ಮೊದಲ ಸೀಸನ್ನಿನ 8ನೇ ಕಂತಿನ ಮುತ್ತಿನ ಹೊತ್ತಿಗೆ ‘ನೀನು’ಗೆ ಬರುತ್ತಾರೆ. ಎರಡನೇ ಸೀಸನ್ನಿನಲ್ಲಿ ಹೆಲಿಯ ವೇಷದಲ್ಲಿ ಬರುವ ಹೆಲೆನಾಗೆ (ಹೆಲಿಯ ಹೊರಗಿನವಳು) ಒಂದು ಕರಡಿನಲ್ಲಿ ‘ನೀವು’ ಕೊಟ್ಟಿತ್ತು. ಅದು ತಪ್ಪು. 4ನೇ ಕಂತಿನಲ್ಲಿ ಸಹೋದ್ಯೋಗಿ ಇರ್ವಿಂಗ್ ಬಯಲಿಗೆಳೆಯುವ ಗುಟ್ಟನ್ನು ಸಬ್‌ಟೈಟಲ್ ಮೊದಲೇ ಬಿಟ್ಟುಕೊಡುತ್ತದೆ. ಮೇಲಾಗಿ ಆ ಮುತ್ತಿನ ದೃಶ್ಯಾವಳಿಯನ್ನು ಹೆಲೆನಾ ಕೂತು ನೋಡಿದ್ದಾಳೆ. ಏಕವಚನವನ್ನೂ ಅವಳು ಕಲಿತೇ ಬಂದಿರುತ್ತಾಳೆ.

ಹತ್ತನೇ ಕಂತಿನಲ್ಲಿ ಇಬ್ಬರು ಮಾರ್ಕ್‌ಗಳು ಕ್ಯಾಮ್‌ಕಾರ್ಡರ್‌ನಲ್ಲಿ ಮಾತಾಡುತ್ತಾರೆ. ಇಬ್ಬರಿಗೂ ‘ನೀನು’ ಹಾಕಿದರೆ ಕನ್ನಡಿ ಮುಂದೆ ನಿಂತವನಂತೆ ಕೇಳುತ್ತದೆ, ಇಬ್ಬರಿಗೂ ‘ನೀವು’ ಹಾಕಿದರೆ ಅರ್ಜಿ ವಿಚಾರಿಸಿದಂತೆ. ಈಗಿನ ಕರಡಿನಲ್ಲಿ ಹೊರಗಿನವ ಶುರುವಿನಿಂದಲೂ ‘ನೀನು’ ಅನ್ನುತ್ತಾನೆ, ಏಕೆಂದರೆ ಒಳಗಿನವ ತನ್ನದೇ ಒಂದು ತುಣುಕು ಎಂದು ಅವನ ಎಣಿಕೆ. ಒಳಗಿನವ ‘ನೀವು’ ಅನ್ನುತ್ತಾನೆ. ಹೊರಗಿನವ ಹೆಲಿಯ ಹೆಸರನ್ನು ‘ಹೆಲೆನಿ’ ಎಂದು ತಪ್ಪಾಗಿ ಹೇಳಿದ ಮೇಲೆ ಒಳಗಿನವನೂ ಏಕವಚನಕ್ಕಿಳಿಯುತ್ತಾನೆ. ಮಾತು ಎಲ್ಲಿ ಮುರಿಯಿತು ಎಂಬುದು ಕನ್ನಡಿಗರಿಗೆ ಅಷ್ಟರಲ್ಲೇ ತಿಳಿಯುತ್ತದೆ. (ಹೆಸರನ್ನು ‘ಹೆಲ್ಲಿ’ ಎನ್ನದೆ ‘ಹೆಲಿ’ ಎಂದು ಬರೆಯುತ್ತಿರುವುದೂ ಈ ತಪ್ಪು ಕಣ್ಣಿಗೆ ಬೀಳಲೆಂದೇ.)

ಉಳಿದಿರುವುದು ಕೊನೆಯ ಬಾಗಿಲಿನ ದೃಶ್ಯ. ಆಚೆಯಿಂದ ಮಾರ್ಕ್‌ನ ಹೆಂಡತಿ ಜೆಮ್ಮಾ ಗಂಡನನ್ನು ‘ಬಾ’ ಎಂದೇ ಕರೆಯಬೇಕು, 7ನೇ ಕಂತಿನ ಹಳೆಯ ದಿನಗಳಲ್ಲೂ ಅವಳಿಗೆ ಏಕವಚನವನ್ನೇ ಕೊಟ್ಟಿದ್ದೇವೆ. ಈಚೆ ನಿಂತ ಒಳಗಿನವನಿಗೆ ಅವಳು ‘ನೀವು’ ಎನ್ನುತ್ತಿದ್ದ ಮಿಸ್ ಕೇಸಿ, ಅಂದರೆ ಕಚೇರಿಯಲ್ಲಿ ಅವನು ಕಂಡ ಜೆಮ್ಮಾಳ ಒಳಗಿನವಳು. ಆ ‘ಬಾ’ ಬಂದದ್ದು ಅವನಿಗಲ್ಲ. ಆ ಸಾಲಿಗೆ ಬೇರೆ ಯಾವ ಪದವನ್ನೂ ಸೇರಿಸದೆ, ಅದೊಂದೇ ಅಕ್ಷರವನ್ನು ಪೂರ್ತಿ ಒಂದು ಸೆಕೆಂಡ್ ಪರದೆಯ ಮೇಲೆ ಬಿಟ್ಟು ನೋಡುತ್ತಿದ್ದೇವೆ.